ನೋವು ತಾಯ್ತನದ ಪರೀಕ್ಷೆಯಲ್ಲ

ಕಳೆದ ಸಂಚಿಕೆಯ ಲೇಖಕರ ಪ್ರಕಾರ ಹೆರಿಗೆ ನೋವು ತಿನ್ನದವಳ ತಾಯ್ತನ ಅರೆಬರೆ. ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಪಡೆದರೆ ಸಿಸೇರಿಯನ್ ಖಚಿತ, ಬೆನ್ನುನೋವು ಜೀವನಪರ್ಯಂತ ಎಂಬುದೂ ಅವರ ಮಾತೇ. ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆ ಹಲ್ಲು ಕೀಳಿಸಿಕೊಳ್ಳುತ್ತಾರೆಯೇ ಅವರು? ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ ಎಪಿಡ್ಯೂರಲ್ ಪಡೆದವರಿಗೆ ಸಿಸೇರಿಯನ್ ಹೆಚ್ಚಿದ್ದೂ ಕಾಣಲಿಲ್ಲ, ದೀರ್ಘಕಾಲದ ಬೆನ್ನುನೋವು ಹೆಚ್ಚಿದ್ದೂ ಕಾಣಲಿಲ್ಲ.

ಅಡ್ಡಪರಿಣಾಮ ಇಲ್ಲವೆಂದಲ್ಲ. ರಕ್ತದೊತ್ತಡ ಇಳಿಯಬಹುದು, ಜ್ವರ ಬರಬಹುದು, ಮೂತ್ರ ಕಟ್ಟಬಹುದು, ಹೆರಿಗೆ ತುಸು ಲಂಬಿಸಬಹುದು. ಅಪರೂಪಕ್ಕೆ ಸೂಜಿ ಆಳಕ್ಕಿಳಿದರೆ ಕೆಲ ದಿನ ತೀವ್ರ ತಲೆನೋವು. ಇದನ್ನೆಲ್ಲ ಗರ್ಭಿಣಿಗೆ ಏಳನೇ ತಿಂಗಳಲ್ಲೇ ಹೇಳಬೇಕು, ನೋವಿನ ನಡುವೆ ಸಹಿ ಹಾಕಿಸುವಾಗಲ್ಲ. ಕೇಳಿಸಿಕೊಂಡು ಅವಳು ಬೇಡವೆಂದರೆ ಸರಿ. ಅತ್ತೆಯೋ ಅಂಕಣಕಾರರೋ ಅವಳ ಪರವಾಗಿ ಬೇಡವೆನ್ನುವಂತಿಲ್ಲ.

ಅಂದಹಾಗೆ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತು ಅರಿವಳಿಕೆ ತಜ್ಞರೇ ಸಿಗುವುದಿಲ್ಲ. ಅಲ್ಲಿ ಹೆರುವವಳಿಗೆ ಆಯ್ಕೆಯೇ ಇಲ್ಲ. ಆ ಬಗ್ಗೆ ಲೇಖಕರಿಗೆ ಒಂದು ಸಾಲೂ ಹೊಳೆಯಲಿಲ್ಲ.