ಚಾವಣಿ ಬದಲಿಸುವ ಮೊದಲು ಮೋರಿ ನೋಡಿ

ಹೆಂಚಿನ ಮನೆ ಸೋರತೊಡಗಿದರೆ ಮಲೆನಾಡಿನ ಹಿರಿಯರು ಮೊದಲು ಪೇಟೆಗೆ ಹೋಗಿ ಹೆಂಚು ತರುವುದಿಲ್ಲ. ಅಟ್ಟ ಹತ್ತಿ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ನೋಡುತ್ತಾರೆ. ತೊಟ್ಟಿಕ್ಕುವ ಜಾಗ ಒಂದು, ತೂತು ಇರುವ ಜಾಗ ಇನ್ನೊಂದು. ಕಾರಿನ ಮಾಡಿಗೂ ಇದೇ ತರ್ಕ ಎಂದರೆ ನಗು ಬಂದೀತು. ತಗಡಿನ ಕಾರು ಸೋರುವುದುಂಟೆ? ಆದರೆ ಎಲ್ಲ ಕಾರುಗಳ ತಲೆಯ ಮೇಲೂ ತಗಡು ಇರುವುದಿಲ್ಲವಲ್ಲ! ಬಿಸಿಲು ಹಿತವಾಗಿದ್ದಾಗ ಮಡಚಿ ಹಿಂದಕ್ಕೆ ಹಾಕುವ, ಮೋಡ ಕವಿದಾಗ ಎಳೆದು ಮುಚ್ಚುವ ಬಟ್ಟೆಯ ಚಾವಣಿಯ ಸ್ಪೋರ್ಟ್ಸ್ ಕಾರುಗಳಿವೆ. ಆ ಬಟ್ಟೆಗೂ ಒಂದು ಆಯುಷ್ಯವಿದೆ. ಅದು ತೀರಿದಾಗ ಹಳೆಯದನ್ನು ಕಿತ್ತು ಹೊಸದನ್ನು ಬಿಗಿಯುವುದು ಇಂಗ್ಲೆಂಡ್, ಅಮೆರಿಕಗಳಲ್ಲಿ ಎಷ್ಟೋ ಮಂದಿ ತಮ್ಮ ಮನೆಯ ಶೆಡ್ಡಿನಲ್ಲೇ ಮಾಡಿಕೊಳ್ಳುವ ಕೆಲಸ. ಶನಿವಾರ ಬೆಳಿಗ್ಗೆ ಶುರು, ಭಾನುವಾರ ಸಂಜೆಗೆ ಮುಕ್ತಾಯ, ಅದೃಷ್ಟವಿದ್ದರೆ.

ಇಂಥ ಕಾರುಗಳಲ್ಲಿ ಹೆಸರುವಾಸಿಯಾದದ್ದು ಜಪಾನಿನ ಮಾಜ್ದಾ ಕಂಪನಿಯದು. 1989ರ ಫೆಬ್ರುವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಮಿಯಾಟಾ, ಯೂರೋಪಿನಲ್ಲಿ ಎಂಎಕ್ಸ್-5, ತವರಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂಬ ಮೂರು ಹೆಸರು. ಎರಡೇ ಸೀಟು, 1.6 ಲೀಟರಿನ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. ಶ್ರೀಮಂತರ ಆಟಿಕೆ ಎಂದು ಮಾಡಿದ ಕಾರಲ್ಲ. ಸಾಧಾರಣ ಸಂಬಳದವರೂ ಕೊಳ್ಳಬಹುದಾದ ಬೆಲೆಗೆ ಬಂತು. 2016ರಲ್ಲಿ ಇದರ ಹತ್ತು ಲಕ್ಷದ ಕಾರು ಹಿರೋಷಿಮಾದ ಕಾರ್ಖಾನೆಯಿಂದ ಹೊರಬಿತ್ತು. ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಅದೊಂದು ದಾಖಲೆ. ಮೊದಲ ಮಾದರಿಯ ಕಾರುಗಳಿಗೆ ಈಗ ಮೂವತ್ತು ವರ್ಷಗಳೇ ಆಗಿಹೋಗಿವೆ. ಹೊರಟಾಗಿನ ಚಾವಣಿಯೇ ಇಂದಿಗೂ ಉಳಿದಿರುವ ಕಾರು ಸಿಕ್ಕರೆ ಅದೊಂದು ಅಪರೂಪ.

ಚಾವಣಿ ಎಂದರೆ ಬರೀ ಬಟ್ಟೆ ಎಂದುಕೊಳ್ಳಬಾರದು. ಮೊದಲ ಮಾದರಿಗೆ ಬಂದದ್ದು ವಿನೈಲ್, ಅಂದರೆ ನಮ್ಮ ಕುಶನ್ ಅಂಗಡಿಗಳಲ್ಲಿ ರೆಗ್ಸಿನ್ ಎಂದು ಕರೆಯುವ ಸರಕಿನ ಜಾತಿಯದು. ಬಟ್ಟೆಯ ಮೇಲೆ ಪಿ.ವಿ.ಸಿ. ಪದರ. ಇಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲಬೇಕು. ಮನೆಯ ನೀರಿನ ಪೈಪೂ ಪಿ.ವಿ.ಸಿ.ಯೇ; ಅದನ್ನು ಮಡಚಲು ಹೋದರೆ ಮುರಿಯುತ್ತದೆ. ಅದೇ ವಸ್ತು ಕಾರಿನ ಚಾವಣಿಯಲ್ಲಿ ಚಾಪೆಯಂತೆ ಮಡಚಿಕೊಳ್ಳುವುದು ಹೇಗೆ? ಮೆದುಕಾರಕ ಎಂಬ ಎಣ್ಣೆಯಂಥ ದ್ರವವನ್ನು ಅದರೊಳಗೆ ಬೆರೆಸಿರುತ್ತಾರೆ. ಅದು ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಳಿಗಳ ನಡುವೆ ಸೇರಿಕೊಂಡು ಒಂದರ ಮೇಲೊಂದು ಜಾರಲು ಬಿಡುತ್ತದೆ. ಆದರೆ ಈ ದ್ರವ ಅಲ್ಲೇ ಶಾಶ್ವತವಾಗಿ ಕೂತಿರುವುದಿಲ್ಲ. ಬಿಸಿಲಿಗೆ, ಸೆಖೆಗೆ ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ಹಳೆಯ ಸ್ಕೂಟರಿನ ಸೀಟು ಬಿರಿದು ಗೀರುಗೀರಾಗುವುದಕ್ಕೂ ಇದೇ ಕಾರಣ. ಚಳಿಗಾಲದ ಬೆಳಿಗ್ಗೆ, ಬಿರುಸಾಗಿರುವ ವಿನೈಲನ್ನು ಅವಸರದಲ್ಲಿ ಮಡಚಿದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಹಿಂದಿನ ಕಿಟಕಿಯದು ಇನ್ನೂ ಸೂಕ್ಷ್ಮ. ಮೊದಲ ಮಾದರಿಯಲ್ಲಿ ಅದು ಗಾಜಲ್ಲ, ಪಾರದರ್ಶಕ ಪ್ಲಾಸ್ಟಿಕ್ಕು. ಸುತ್ತ ಜಿಪ್ ಇದೆ. ಚಾವಣಿ ಮಡಚುವ ಮೊದಲು ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಬೇಕು. ಅರ್ಧ ನಿಮಿಷದ ಕೆಲಸ. ಎಷ್ಟು ಮಂದಿ ಮಾಡುತ್ತಾರೆ? ಮಾಡದವರ ಕಿಟಕಿಯಲ್ಲಿ ಮಡಿಕೆ ಬೀಳುತ್ತದೆ, ಮಡಿಕೆ ಮಂಜಾಗುತ್ತದೆ, ಕೊನೆಗೆ ಬಿರುಕು. 1998ರಲ್ಲಿ ಬಂದ ಎರಡನೆಯ ಮಾದರಿಗೆ ಕಂಪನಿಯೇ ಗಾಜಿನ ಕಿಟಕಿ ಕೊಟ್ಟಿತು. ಹಳೆಯ ಕಾರಿಗೆ ಹೊಸ ಚಾವಣಿ ಹಾಕಿಸುವವರಲ್ಲಿ ಹಲವರು ಈಗ ಗಾಜಿನದನ್ನೇ ಆರಿಸಿಕೊಳ್ಳುತ್ತಾರೆ. ಅದು ಜಾಣತನವೇ ಸರಿ. ಕಾಸಿದ್ದವರು ರೆಗ್ಸಿನ್ ಬಿಟ್ಟು ಬಟ್ಟೆಗೆ ಹೋಗುತ್ತಾರೆ: ಮೇಲೆ ಅಕ್ರಿಲಿಕ್ ನೇಯ್ಗೆ, ನಡುವೆ ನೀರು ಬಿಡದ ರಬ್ಬರಿನ ತೆಳು ಪದರ, ಒಳಗೆ ಇನ್ನೊಂದು ಬಟ್ಟೆ. ನೋಡಲೂ ಚೆಂದ, ಬಿಸಿಲಿಗೂ ಹೆಚ್ಚು ತಾಳುತ್ತದೆ.

ಒಂದು ತಮಾಷೆ. ಇಂಗ್ಲೆಂಡಿನವರು ಈ ಚಾವಣಿಗೆ ಹುಡ್ ಎನ್ನುತ್ತಾರೆ. ಅಮೆರಿಕದವರಿಗೆ ಹುಡ್ ಎಂದರೆ ಬಾನೆಟ್ಟು! ಲಂಡನ್ನಿನಿಂದ ನ್ಯೂಯಾರ್ಕಿನ ಅಂಗಡಿಗೆ ಬರೆದು ಹುಡ್ ಕಳಿಸಿ ಎಂದರೆ ಏನು ಬಂದೀತೆಂದು ಹೇಳಲಾಗದು.

ಇನ್ನು ಕೆಲಸಕ್ಕೆ ಬರೋಣ. ಹೊಸ ಚಾವಣಿ ಅಂಗಡಿಯಿಂದ ಹೊಲಿದೇ ಬರುತ್ತದೆ. ಬೇಕಾದದ್ದು ಕೆಲವು ಸ್ಪ್ಯಾನರ್, ಸ್ಕ್ರೂಡ್ರೈವರ್, ಹಳೆಯ ರಿವೆಟ್ ಕೊರೆದು ತೆಗೆಯಲು ಡ್ರಿಲ್ಲು, ಹೊಸದನ್ನು ಹೊಡೆಯಲು ರಿವೆಟ್ ಗನ್ನು, ಅಂಟು, ಮತ್ತು ಇನ್ನೊಬ್ಬ ಮನುಷ್ಯ. ಈ ಕೊನೆಯದು ಮುಖ್ಯ. ಒಬ್ಬರು ಎಳೆದು ಹಿಡಿಯಬೇಕು, ಮತ್ತೊಬ್ಬರು ಬಿಗಿಯಬೇಕು. ಹದಿನೈದು ಹದಿನಾರರ ಹುಡುಗ ಹುಡುಗಿಯರಿಗೆ ಅಪ್ಪ ಅಮ್ಮನ ಜತೆ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಆದರೆ ರಿವೆಟ್ ಕೊರೆಯುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಅಂಟಿನ ವಾಸನೆ ತಲೆಗೇರುವಂಥದು. ಬಾಗಿಲು ತೆರೆದಿಟ್ಟೇ ಬಳಸಬೇಕು. ಚಾವಣಿಯ ಕಬ್ಬಿಣದ ಚೌಕಟ್ಟು ಕತ್ತರಿಯಂತೆ ಮಡಚಿಕೊಳ್ಳುವುದರಿಂದ ಬೆರಳಿನ ಮೇಲೂ ಗಮನ ಬೇಕು.

ಹಳೆಯದನ್ನು ಕೀಳುವುದು ಹಿಂದಿನಿಂದ. ಸೀಟುಗಳ ಹಿಂದೆ ಕಾರ್ಪೆಟ್ಟು ಎತ್ತಿದರೆ ಸಾಲಾಗಿ ನಟ್ಟುಗಳು ಕಾಣುತ್ತವೆ. ಅವು ಚಾವಣಿಯ ಹಿಂದಿನ ಅಂಚನ್ನು ಪಟ್ಟಿಗಳ ಕೆಳಗೆ ಒತ್ತಿ ಹಿಡಿದಿರುತ್ತವೆ. ಅವನ್ನು ಬಿಚ್ಚಿ, ಎರಡೂ ಪಕ್ಕದ ಬೋಲ್ಟುಗಳನ್ನು ತೆಗೆದರೆ ಇಡೀ ಚೌಕಟ್ಟು ಬಟ್ಟೆಯ ಸಮೇತ ಕೈಗೆ ಬರುತ್ತದೆ. ಅದನ್ನು ಮೇಜಿನ ಮೇಲಿಟ್ಟುಕೊಂಡು ಮಾಡುವುದೇ ಸುಖ. ಕಿತ್ತ ಪ್ರತಿಯೊಂದು ಸ್ಕ್ರೂ ಎಲ್ಲಿಯದು ಎಂದು ಚೀಟಿ ಬರೆದು ಬೇರೆ ಬೇರೆ ಡಬ್ಬಿಯಲ್ಲಿ ಹಾಕಬೇಕು. ಇದು ಬೇಸರದ ಕೆಲಸ ಎಂದು ಬಿಟ್ಟವರು ಭಾನುವಾರ ಸಂಜೆ ಪರದಾಡುತ್ತಾರೆ.

ಹೊಸದನ್ನು ಹಾಕುವಾಗ ಮೊದಲು ನಡುಗೆರೆ. ಚೌಕಟ್ಟಿನ ಮುಂದಿನ ಅಡ್ಡಪಟ್ಟಿಯ ಮಧ್ಯ, ಬಟ್ಟೆಯ ಮಧ್ಯ ಎರಡನ್ನೂ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಹಿಂದೆ ಬಿಗಿ, ಆಮೇಲೆ ಮುಂದಕ್ಕೆ ಎಳೆ. ಸುಕ್ಕು ಬಿದ್ದರೆ ಕೈಗೆ ಸಿಕ್ಕ ಕಡೆ ಜಗ್ಗುವುದಲ್ಲ, ಸುಕ್ಕನ್ನು ಓದಬೇಕು. ಒಂದು ಕರವಸ್ತ್ರದ ಎದುರುಬದುರು ಮೂಲೆಗಳನ್ನು ಹಿಡಿದು ಎಳೆದು ನೋಡಿ. ಸುಕ್ಕುಗಳು ಎಳೆತದ ದಿಕ್ಕಿಗೇ ಓಡುತ್ತವೆ. ಅಡ್ಡ ದಿಕ್ಕಿನಲ್ಲಿ ಬಟ್ಟೆ ಸಡಿಲ. ಚಾವಣಿಯಲ್ಲೂ ಹಾಗೆಯೇ. ಓರೆಯಾಗಿ ಸುಕ್ಕು ಬಂದಿದ್ದರೆ ಆ ಗೆರೆಯ ತುದಿಗಳಲ್ಲಿ ಎಳೆತ ಹೆಚ್ಚಾಗಿದೆ, ಅಲ್ಲಿ ಸಡಿಲಿಸಬೇಕು, ಇಲ್ಲವೇ ಅಡ್ಡಡ್ಡ ಬಿಗಿಯಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಕುಶನ್ ಮೇಸ್ತ್ರಿಗೆ ಈ ಮಾತನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿಲ್ಲ, ಆದರೂ ಅವನ ಕೈ ನೇರವಾಗಿ ಸರಿಯಾದ ಮೂಲೆಗೇ ಹೋಗುತ್ತದೆ. ಆಟೋರಿಕ್ಷಾದ ಟಾಪಿಗೋ ಹಳೆಯ ಜಿಪ್ಸಿಗೋ ಹೊದಿಕೆ ಹೊಲಿಯುವಾಗ ಹಳೆಯದರ ಹೊಲಿಗೆ ಬಿಚ್ಚಿ, ಅದನ್ನೇ ಅಳತೆಯಾಗಿ ಹರಡಿಕೊಂಡು ಹೊಸದನ್ನು ಕತ್ತರಿಸುವ ಮೇಸ್ತ್ರಿ ಮಾಡುವುದು ರೇಖಾಗಣಿತವಲ್ಲದೆ ಇನ್ನೇನು?

ಇಷ್ಟೊಂದು ಬಿಗಿ ಯಾಕೆ ಬೇಕು ಎಂದು ಕೇಳಬಹುದು. ಗಾಳಿಗೆ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವುದು ಚಲಿಸುವ ಗಾಳಿಯ ಒತ್ತಡ. ಗಂಟೆಗೆ 100 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿ: ಚದರ ಮೀಟರಿಗೆ ಸುಮಾರು 46 ಕಿಲೋ ಭಾರದಷ್ಟಾಗುತ್ತದೆ. ಉಬ್ಬಿದ ಚಾವಣಿಯ ಮೇಲೆ ಗಾಳಿ ವೇಗವಾಗಿ ಹರಿಯುವುದರಿಂದ ಅಲ್ಲಿನ ಒತ್ತಡ ಇಳಿದು, ಬಟ್ಟೆ ಒಳಗಿನಿಂದ ಮೇಲಕ್ಕೆ ಬಲೂನಿನಂತೆ ಉಬ್ಬಲು ನೋಡುತ್ತದೆ. ಅದಕ್ಕೇ ಬಾಗಿಲಿನ ಗಾಜಿನ ಮೇಲೆ ಹಾದುಹೋಗುವ ಅಂಚಿನೊಳಗೆ ಎರಡೂ ಪಕ್ಕ ತಂತಿಯ ಕೇಬಲ್ ಹಾಯಿಸಿರುತ್ತಾರೆ. ಹೊಸ ಚಾವಣಿಗೆ ಈ ಕೇಬಲ್ ದಾಟಿಸಲು ಮರೆತರೆ ಎಲ್ಲ ಮುಗಿದ ಮೇಲೆ ಮತ್ತೆ ಬಿಚ್ಚಬೇಕು.

ಇಷ್ಟು ಮಾಡಿದ ಮೇಲೂ ಕಾರಿನೊಳಗೆ ನೀರು ನಿಲ್ಲಬಹುದು. ಹೊಸ ಚಾವಣಿ ಹಾಕಿಸಿ, ಮೊದಲ ಮಳೆಗೇ ಸೀಟಿನ ಕೆಳಗೆ ಒದ್ದೆ ಕಂಡು ಅಂಗಡಿಯವನನ್ನು ಬೈಯುವವರು ಬಹಳ. ತಪ್ಪು ಚಾವಣಿಯದಲ್ಲದೆಯೂ ಇರಬಹುದು, ಮೋರಿಯದು. ಬಟ್ಟೆಯ ಮೇಲೆ ಬಿದ್ದ ಮಳೆಯೆಲ್ಲ ಹಿಂದಕ್ಕೆ ಜಾರಿ, ಒಳಗಿರುವ ಪ್ಲಾಸ್ಟಿಕ್ ದೋಣಿಯೊಂದಕ್ಕೆ ಬಿದ್ದು, ಎಡಬಲದ ಮೂಲೆಗಳ ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಹೋಗಬೇಕು. ಹೆಂಚಿನ ಮನೆಯ ದೋಣಿಯದೇ ಉಪಾಯ. ಆ ಕೊಳವೆಯಲ್ಲಿ ಎಲೆ, ಧೂಳು, ಹಳೆಯ ಬಟ್ಟೆಯ ನೂಲು ಸೇರಿ ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಬರುತ್ತದೆ. ಬಾಗಿಲಿನ ಕೆಳಗಿನ ಉಕ್ಕಿನ ಪೆಟ್ಟಿಗೆಯಲ್ಲಿ ಕೂರುತ್ತದೆ. ಅದನ್ನು ಸಿಲ್ ಎನ್ನುತ್ತಾರೆ. ಕಣ್ಣಿಗೆ ಕಾಣದ ಜಾಗ. ತುಕ್ಕು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಒಳಗೆ ತಗಡೇ ಇರುವುದಿಲ್ಲ.

ಮಾಮೂಲಿ ಕಾರಿಗಾದರೆ ಇದು ಕೆಟ್ಟದ್ದು. ಚಾವಣಿ ಮಡಚುವ ಕಾರಿಗೆ ಅಪಾಯ. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆ ತೆಗೆದುಕೊಂಡು, ಮುಚ್ಚಳ ಅಂಟಿಸಿ ತಿರುಚಲು ನೋಡಿ. ಬಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿ: ಹಗ್ಗದಂತೆ ತಿರುಗುತ್ತದೆ. ತಗಡಿನ ಚಾವಣಿ ಕಾರಿಗೆ ಆ ಮುಚ್ಚಳ. ಅದಿಲ್ಲದ ಕಾರಿನಲ್ಲಿ ದೇಹದ ಬಿಗಿತದ ದೊಡ್ಡ ಭಾರವನ್ನು ಹೊರುವುದು ನೆಲ ಮತ್ತು ಈ ಸಿಲ್‌ಗಳೇ. ಪಕ್ಕದಿಂದ ಇನ್ನೊಂದು ವಾಹನ ಬಡಿದರೆ ಒಳಗಿರುವವರಿಗೆ ಅಡ್ಡ ನಿಲ್ಲುವುದರಲ್ಲಿ ಅವೂ ಸೇರಿವೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ಕಡ್ಡಾಯ ತಪಾಸಣೆಯುಂಟು. ಅಲ್ಲಿ ಹಳೆಯ ಎಂಎಕ್ಸ್-5ಗಳು ಸೋಲುವ ಹೆಸರಾದ ಜಾಗವೇ ಹಿಂದಿನ ಚಕ್ರದ ಮುಂದಿನ ಸಿಲ್ ತುದಿ. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯುವ ಖರ್ಚು ಎಷ್ಟೋ ಸಲ ಚಾವಣಿಯ ಖರ್ಚನ್ನೇ ಮೀರುತ್ತದೆ. ಹಳೆಯ ಕಾರು ಕೊಳ್ಳಲು ಹೊರಟ ವಿದೇಶದಲ್ಲಿರುವ ಮಕ್ಕಳು ಹೊಳೆಯುವ ಹೊಸ ಚಾವಣಿ ಕಂಡು ಮರುಳಾಗದೆ, ಮೊಣಕಾಲೂರಿ ಕೆಳಗೆ ನೋಡುವುದು ಲೇಸು.

ಹಾಗಾಗಿ ಚೌಕಟ್ಟು ಹೊರಗಿರುವಾಗಲೇ ಕೊಳವೆ ಶುದ್ಧ ಮಾಡಬೇಕು. ಬಾಗುವ ನೈಲಾನ್ ತಂತಿಯೊಂದನ್ನು ನಿಧಾನವಾಗಿ ಇಳಿಸಿ, ಒಂದು ಚೊಂಬು ನೀರು ಹೊಯ್ಯಬೇಕು. ಕೆಳಗೆ ಧಾರೆ ಬಂದರೆ ಸರಿ. ಗಾಳಿ ಪಂಪಿನಿಂದ ಜೋರಾಗಿ ಊದಬಾರದು. ಕೊಳವೆ ಕಳಚಿಕೊಂಡರೆ ನೀರೆಲ್ಲ ಸೀದಾ ಒಳಕ್ಕೆ. ವಯಸ್ಸಾಗಿ ಬಿರುಕು ಬಿಟ್ಟ ಪ್ಲಾಸ್ಟಿಕ್ ದೋಣಿಯನ್ನು ಉಳಿತಾಯಕ್ಕೆಂದು ಮತ್ತೆ ಹಾಕುವುದೂ ಬೇಡ.

ನಮ್ಮಲ್ಲಿ ಇಂಥ ಕಾರುಗಳು ವಿರಳ. 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಕಾರು ಭಾರತದಲ್ಲೇ ತಯಾರಾಗಿತ್ತು. ಫೈಬರಿನ ಮೈ, ಬಟ್ಟೆಯ ಟಾಪು, ರೆನೋ ಎಂಜಿನ್ನು. ಹೆಚ್ಚು ಮಾರಾಟವಾಗಲಿಲ್ಲ. ಆದರೆ ಜಪಾನಿನಲ್ಲಿ ಹಳೆಯ ರೋಡ್‌ಸ್ಟರಿನ ಮೇಲಿನ ಪ್ರೀತಿ ಎಷ್ಟಿತ್ತೆಂದರೆ, 2017ರಲ್ಲಿ ಮಾಜ್ದಾ ಕಂಪನಿಯೇ ಮೊದಲ ಮಾದರಿಯ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಯೋಜನೆ ಪ್ರಕಟಿಸಿತು. ನಿಂತುಹೋಗಿದ್ದ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸಿತು. ಮರದ ಸ್ಟಿಯರಿಂಗು, ಹಳೆಯ ಅಳತೆಯ ಟಯರುಗಳ ಜತೆಗೆ ಆ ಪಟ್ಟಿಯಲ್ಲಿ ಚಾವಣಿಯೂ ಇತ್ತು.

ಹೊಸ ಚಾವಣಿ ಮೊದಮೊದಲು ಬಹಳ ಬಿಗಿ. ಮುಂದಿನ ಕೊಂಡಿಗಳನ್ನು ಪೂರ್ತಿ ಸಡಿಲಿಸಿಟ್ಟುಕೊಂಡು, ಬಿಸಿಲು ಚೆನ್ನಾಗಿರುವ ದಿನ ಮುಚ್ಚಿದರೆ ಕೂರುತ್ತದೆ. ಮೊದಲ ಕೆಲವು ದಿನ ತೆರೆಯದೆ ಹಾಗೇ ಬಿಡಬೇಕು, ಬಟ್ಟೆ ಹದಕ್ಕೆ ಬರಲಿ ಎಂದು. ಎಷ್ಟು ಆಸೆಯಾದರೂ.