ಸ್ಯಾಕ್ಸೋಫೋನಿನ ನಾದವೂ ಮೌತ್‌ಪೀಸಿನ ಆಯ್ಕೆಯೂ

ಸ್ಯಾಕ್ಸೋಫೋನಿನ ಮೈ ಹಿತ್ತಾಳೆಯದು. ಆದರೂ ವಾದ್ಯಶಾಸ್ತ್ರವನ್ನು ಬಲ್ಲವರು ಅದನ್ನು ಕಹಳೆ ತುತ್ತೂರಿಗಳ ಪಂಕ್ತಿಯಲ್ಲಿ ಕೂರಿಸದೆ ಕ್ಲಾರಿನೆಟ್ಟಿನ ಪಂಕ್ತಿಗೆ ಸೇರಿಸುತ್ತಾರೆ. ಇದಕ್ಕೆ ಕಾರಣವು ವಾದ್ಯದ ತುದಿಯಲ್ಲಿದೆ. ಬೆಲ್ಜಿಯಂ ದೇಶದಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬಾತನು 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ, ಶಂಕುವಿನಾಕಾರದ ಕೊಳವೆಯ ಕಿರಿದಾದ ತುದಿಗೆ ಮೌತ್‌ಪೀಸೂ ಅದರ ಕೆಳಮೈಗೆ ಬಿಗಿದ ಒಂದು ತೆಳುವಾದ ಸೀಳು, ಅಂದರೆ ರೀಡೂ ಇರುತ್ತವೆ. ನಮ್ಮ ನಾಗಸ್ವರದಲ್ಲಿ ಎರಡು ಪದರಗಳು ಒಂದನ್ನೊಂದು ಬಡಿಯುವಲ್ಲಿ, ಇಲ್ಲಿ ಒಂದೇ ಪದರವು ಮೌತ್‌ಪೀಸಿನ ಅಂಚನ್ನು ಬಡಿಯುತ್ತದೆ. ನಾದದ ಹುಟ್ಟು ಅಲ್ಲಿಯೇ.

ಕದ್ರಿ ಗೋಪಾಲನಾಥರು (1949–2019) ಈ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದವರೆಗೆ ಕೊಂಡೊಯ್ದ ಮೇಲೆ, ಅದನ್ನು ಕಲಿಯಬಯಸುವ ತರುಣರು ನಮ್ಮ ನಾಡಿನಲ್ಲಿ ಹೆಚ್ಚಿದ್ದಾರೆ. ತುಳುನಾಡಿನ ಮದುವೆಗಳಲ್ಲಂತೂ ಸ್ಯಾಕ್ಸೋಫೋನಿನ ದನಿ ಈಗ ಮಂಗಳವಾದ್ಯದ ಸ್ಥಾನವನ್ನೇ ಪಡೆದಿದೆ. ಹೀಗೆ ಕಲಿಯತೊಡಗಿದವರು ಮೊದಲು ಕೇಳುವ ಪ್ರಶ್ನೆಯೆಂದರೆ, ದೊಡ್ಡ ವಿದ್ವಾಂಸರು ಯಾವ ಕಂಪನಿಯ ಮೌತ್‌ಪೀಸನ್ನು ಬಳಸುತ್ತಾರೆ ಎಂಬುದು. ಈ ಪ್ರಶ್ನೆಯಿಂದ ಪ್ರಾರಂಭಿಸಿದವರು ತಂದೆತಾಯಿಗಳ ಹಣವನ್ನೂ ತಮ್ಮ ತುಟಿಯನ್ನೂ ವ್ಯರ್ಥವಾಗಿ ದಂಡಿಸುತ್ತಾರೆಂಬುದು ನಮ್ಮ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ ಅಳತೆಯದು.

ರೀಡನ್ನು ಒಂದು ಬಾಗಿಲೆಂದು ಭಾವಿಸೋಣ. ಊದಿದಾಗ ಬಾಯೊಳಗಿನ ಒತ್ತಡವು ಆ ಬಾಗಿಲನ್ನು ಮುಚ್ಚಲೆಳಸುತ್ತದೆ. ಕೊಳವೆಯೊಳಗಿನ ಗಾಳಿಯ ಅಲೆಯು ಹೋಗಿ ಹಿಂದಿರುಗಿ ಬಂದು ಅದನ್ನು ತೆರೆಯುತ್ತದೆ. ಸೆಕೆಂಡಿಗೆ 220 ಕಂಪನಗಳ ಸ್ವರವನ್ನು ನುಡಿಸುವಾಗ ಬಾಗಿಲು ಅಷ್ಟೇ ಸಲ ಮುಚ್ಚಿ ತೆರೆಯುತ್ತದೆ. ಅದು ಮೆಲ್ಲನೆ ತೂಗಿದರೆ ಮೂಲಸ್ವರದೊಡನೆ ಕೆಲವೇ ಉಪಸ್ವರಗಳು ಹುಟ್ಟಿ ನಾದವು ಮೃದುವಾಗಿರುತ್ತದೆ. ಥಟ್ಟನೆ ಮುಚ್ಚಿಕೊಂಡರೆ ಗಾಳಿಯ ಪ್ರವಾಹವು ಕತ್ತರಿಸಿದಂತೆ ನಿಂತು ಮೇಲುಮೇಲಿನ ಉಪಸ್ವರಗಳು ಎದ್ದು, ನಾದಕ್ಕೆ ಮೊನಚು ಬರುತ್ತದೆ. ಒಂದೇ ವಾದ್ಯವು ಮೆಲ್ಲಗೆ ಊದಿದಾಗ ಒಂದು ಬಗೆಯಾಗಿಯೂ ಬಲವಾಗಿ ಊದಿದಾಗ ಮತ್ತೊಂದು ಬಗೆಯಾಗಿಯೂ ಕೇಳುವುದು ಇದರಿಂದಲೇ.

ಮೌತ್‌ಪೀಸಿನಲ್ಲಿ ಗಮನಿಸತಕ್ಕ ಅಂಶಗಳು ಮುಖ್ಯವಾಗಿ ಮೂರು. ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಣ ಕಿಂಡಿಯು ಮೊದಲನೆಯದು. ಆಲ್ಟೊ ಸ್ಯಾಕ್ಸೋಫೋನಿನಲ್ಲಿ ಇದು ಸಾಮಾನ್ಯವಾಗಿ 1.5ರಿಂದ 2.5 ಮಿಲಿಮೀಟರಿನೊಳಗಿರುತ್ತದೆ, ಒಂದು ಕಾಗದದ ದಪ್ಪದಷ್ಟು ವ್ಯತ್ಯಾಸವೂ ತುಟಿಗೆ ತಿಳಿಯುತ್ತದೆ. ಎರಡನೆಯದು, ತುದಿಯ ಹಿಂದೆ ರೀಡಿಗೆ ಎದುರಾಗಿರುವ ಒಳಮೈ. ಇದನ್ನು ಬ್ಯಾಫಲ್ ಎನ್ನುತ್ತಾರೆ. ಇದು ರೀಡಿಗೆ ಸಮೀಪವಾಗಿ ಎತ್ತರಗೊಂಡಿದ್ದರೆ ನಾದವು ಹರಿತವಾಗುತ್ತದೆ. ಮೂರನೆಯದು ಅದರಾಚೆಗಿನ ಕೋಣೆ. ಕೋಣೆ ವಿಶಾಲವಾಗಿದ್ದರೆ ನಾದವು ದುಂಡಗೆ ಗಂಭೀರವಾಗಿಯೂ, ಇಕ್ಕಟ್ಟಾಗಿದ್ದರೆ ಇರಿಯುವಂತೆಯೂ ಇರುತ್ತದೆ.

ಕೋಣೆಗೆ ಇನ್ನೊಂದು ಕೆಲಸವಿದೆ. ಅಂಗಡಿಯವರು ಇದನ್ನು ಹೇಳುವುದು ವಿರಳ. ಸ್ಯಾಕ್ಸೋಫೋನಿನ ಶಂಕುವು ಪೂರ್ಣವಾದುದಲ್ಲ, ಅದರ ಮೊನೆಯನ್ನು ಕತ್ತರಿಸಿದೆ. ಕತ್ತರಿಸಿಹೋದ ಆ ಮೊನೆಯ ಘನಗಾತ್ರವನ್ನು ಮೌತ್‌ಪೀಸಿನ ಗಾಳಿಯು ತುಂಬಿಕೊಡಬೇಕು. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್ 1976ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ವಿಶದವಾಗಿ ವಿವರಿಸಿದ್ದಾರೆ. ಲೆಕ್ಕ ತಪ್ಪಿದರೆ ಕೆಳಸ್ಥಾಯಿಯಲ್ಲಿ ಶ್ರುತಿ ಸೇರಿದರೂ ಮೇಲುಸ್ಥಾಯಿಯಲ್ಲಿ ಸೇರುವುದಿಲ್ಲ. ಹಳೆಯ ವಾದ್ಯಕ್ಕೆ ಹೊಸ ಮಾದರಿಯ ಇಕ್ಕಟ್ಟಾದ ಮೌತ್‌ಪೀಸನ್ನು ತೊಡಿಸಿ, ಶ್ರುತಿ ಕೂಡದಿದ್ದಾಗ ವಾದ್ಯವನ್ನೇ ಹಳಿಯುವವರು ಈ ಮಾತನ್ನು ನೆನೆಯಬೇಕು. ಸ್ಯಾಕ್ಸ್‌ನ ಮೂಲ ಮೌತ್‌ಪೀಸುಗಳು ವಿಶಾಲವಾದ ಕೋಣೆಯುಳ್ಳವು. ನೃತ್ಯಮಂದಿರಗಳ ದೊಡ್ಡ ವಾದ್ಯವೃಂದಗಳಲ್ಲಿ ದನಿ ಎದ್ದು ಕೇಳಲೆಂದು ಇಕ್ಕಟ್ಟಾದವು ಬಳಕೆಗೆ ಬಂದುವು. ಗ್ಲಾಜುನೋವನು 1934ರಲ್ಲಿ ಯಾರಿಗಾಗಿ ಸ್ಯಾಕ್ಸೋಫೋನ್ ಕನ್ಚೆರ್ಟೊ ರಚಿಸಿದನೋ ಆ ಸಿಗುರ್ಡ್ ರಾಶರ್ ಅವರು ಕಡೆಯವರೆಗೂ ಹಳೆಯ ಬಗೆಯದನ್ನೇ ಎತ್ತಿಹಿಡಿದರು.

ಇನ್ನು ಲೋಹದ ಮಾತು. ಲೋಹದ ಮೌತ್‌ಪೀಸಿನ ನಾದ ಹರಿತ, ಎಬೊನೈಟಿನದು ಮೃದು ಎಂಬ ನಂಬಿಕೆ ಎಲ್ಲೆಡೆ ಬೇರೂರಿದೆ. ಲೋಹದವುಗಳಲ್ಲಿ ಹಲವು ಹರಿತವಾಗಿರುವುದು ನಿಜ. ಆದರೆ ಅವುಗಳನ್ನು ಎತ್ತರದ ಬ್ಯಾಫಲ್ಲೂ ಕಿರಿದಾದ ಕೋಣೆಯೂ ಇರುವಂತೆ ಮಾಡುವುದೇ ರೂಢಿ. ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದು ಒಂದನ್ನು ಮತ್ತೊಂದರ ಕಾರಣವೆಂದು ತೀರ್ಮಾನಿಸುವ ತರ್ಕದೋಷ ಇದು. ಜಾನ್ ಕೋಲ್ಟ್‌ಮನ್ ಎಂಬವರು 1971ರಲ್ಲಿ ಬೆಳ್ಳಿ, ತಾಮ್ರ, ಮರ ಇವುಗಳಿಂದ ಒಂದೇ ಅಳತೆಯ ಕೊಳಲುಗಳನ್ನು ಮಾಡಿ ಮರೆಯಲ್ಲಿ ನುಡಿಸಿ ಕೇಳಿಸಿದಾಗ, ಯಾವುದು ಯಾವುದೆಂದು ಗುರುತಿಸುವುದು ಕೇಳುಗರಿಗೆ ಸಾಧ್ಯವಾಗಲಿಲ್ಲ. ಅದು ಕೊಳಲಿನ ಮೈಯ ಪ್ರಯೋಗವೆಂಬುದು ದಿಟ. ಆದರೆ ಒಳಗಿನ ಗಾಳಿಯ ಆಕಾರವೇ ನಾದವನ್ನು ಆಳುತ್ತದೆಂಬ ತತ್ತ್ವವು ಮೌತ್‌ಪೀಸಿಗೂ ಅನ್ವಯಿಸದಿರಲು ಕಾರಣವು ನಮಗೆ ಕಾಣದು. ಚಾರ್ಲಿ ಪಾರ್ಕರ್ 1953ರ ಮೇ ತಿಂಗಳಲ್ಲಿ ಟೊರಾಂಟೊ ನಗರದಲ್ಲಿ ಪ್ಲಾಸ್ಟಿಕ್ ಮೈಯ ಸ್ಯಾಕ್ಸೋಫೋನನ್ನು ನುಡಿಸಿದರು. ಆ ಧ್ವನಿಮುದ್ರಣವನ್ನು ಕೇಳಿದವರಿಗೆ ಅಲ್ಲಿರುವುದು ಪಾರ್ಕರರ ನಾದವೇ ಎಂಬುದರಲ್ಲಿ ಸಂದೇಹವಿರದು. ನುಡಿಸುವವನಿಗೆ ಲೋಹವು ಬೇರೆಯಾಗಿ ತೋರುವುದುಂಟು. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಊರಿರುವುದರಿಂದ ಕಂಪನವು ಮೂಳೆಯ ಮೂಲಕವೂ ಅವನ ಕಿವಿಯನ್ನು ಮುಟ್ಟುತ್ತದೆ. ಸಭೆಯಲ್ಲಿ ಕುಳಿತವರಿಗೆ ಆ ದಾರಿಯಿಲ್ಲ. ಆದುದರಿಂದ ಆರಿಸುವಾಗ ಸ್ನೇಹಿತನೊಬ್ಬನನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ ಅವನ ಕಿವಿಯನ್ನು ನಂಬುವುದು ಮೇಲು.

ರೀಡಿನ ವಿಷಯದಲ್ಲಿ ನಮ್ಮ ಆಕ್ಷೇಪಣೆ ಇನ್ನೂ ತೀವ್ರವಾದುದು. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತದಲ್ಲಿ ಬೆಳೆಯುವ, ಹುಲ್ಲಿನ ಕುಟುಂಬಕ್ಕೆ ಸೇರಿದ ಅರುಂಡೋ ಡೋನಾಕ್ಸ್ ಎಂಬ ಗಿಡದ ಕಾಂಡದಿಂದ ಉತ್ತಮ ರೀಡುಗಳನ್ನು ಸೀಳುತ್ತಾರೆ. ಅವುಗಳ ಬಿರುಸನ್ನು 1½, 2, 2½ ಎಂಬಂತೆ ಅಂಕೆಗಳಿಂದ ಸೂಚಿಸುವುದು ವಾಡಿಕೆ. ಅಂಕೆ ಹೆಚ್ಚಿದಷ್ಟೂ ವಿದ್ಯೆ ಹೆಚ್ಚಿತೆಂಬ ಹಮ್ಮು ವಿದ್ಯಾರ್ಥಿಗಳಲ್ಲಿ ಹಬ್ಬಿದೆ. ಇದು ಬಲು ಕೆಟ್ಟ ಹಮ್ಮು. ಒಬ್ಬ ತಯಾರಕನ 3 ಇನ್ನೊಬ್ಬನ 2½ಕ್ಕೆ ಸಮನಾಗಿರಬಹುದು. ಅಗಲವಾದ ಕಿಂಡಿಗೆ ಮೆದುವಾದ ರೀಡೂ ಕಿರಿದಾದ ಕಿಂಡಿಗೆ ಬಿರುಸಾದುದೂ ಹೊಂದುತ್ತವೆ; ಅಗಲದ ಕಿಂಡಿಗೆ ಬಿರುಸು ರೀಡನ್ನು ಬಿಗಿದವನು ತುಟಿ ಕಚ್ಚಿ ಊದಿ, ಸ್ವರಕ್ಕಿಂತ ಗಾಳಿಯನ್ನೇ ಹೆಚ್ಚು ಕೇಳಿಸುತ್ತಾನೆ. ಗಮಕಗಳನ್ನು ನುಡಿಸಬೇಕಾದ ನಮ್ಮವರಿಗೆ ಇದು ಇನ್ನೂ ಹಾನಿಕರ. ಸ್ವರದಿಂದ ಸ್ವರಕ್ಕೆ ಜಾರಲು ದವಡೆ ಸಡಿಲವಾಗಿರಬೇಕು. ಕಚ್ಚಿಹಿಡಿದ ದವಡೆಯಿಂದ ಸ್ವರವು ಜಾರದು.

ಹೊಸಬರಿಗೆ ಆಲ್ಟೊ ವಾದ್ಯದಲ್ಲಿ 1.6 ಅಥವಾ 1.7 ಮಿಲಿಮೀಟರ್ ಕಿಂಡಿಯ, ಮಧ್ಯಮ ಕೋಣೆಯ ಎಬೊನೈಟ್ ಅಥವಾ ಪ್ಲಾಸ್ಟಿಕ್ ಮೌತ್‌ಪೀಸೂ 2 ಇಲ್ಲವೆ 2½ ಅಂಕೆಯ ರೀಡೂ ಸಾಕು. ಆರು ತಿಂಗಳು ಇದನ್ನೇ ನುಡಿಸಿ, ತಾನು ಬಯಸುವ ನಾದವು ಯಾವುದೆಂದು ಕೇಳಿ ತಿಳಿದ ಮೇಲೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಲಿ. ರೀಡನ್ನೂ ಮೌತ್‌ಪೀಸನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ?

ಕಿಂಡಿಯ ಅಳತೆಯನ್ನು ಮಿಲಿಮೀಟರಿನಲ್ಲಿ ತಿಳಿಸುವ ತಯಾರಕರು ಹಲವರಿದ್ದಾರೆ. ಕೋಣೆಯ ಘನಗಾತ್ರವನ್ನೂ ಅವರು ಮುದ್ರಿಸುವುದು ನ್ಯಾಯ. ಅಲ್ಲಿಯವರೆಗೆ ವಿದ್ಯಾರ್ಥಿಗಳು ತಾವೇ ಅಳೆಯಬಹುದು. ರೀಡಿನ ಕಿಟಕಿಯನ್ನು ಅಂಟುಪಟ್ಟಿಯಿಂದ ಭದ್ರವಾಗಿ ಮುಚ್ಚಿ, ಮೌತ್‌ಪೀಸನ್ನು ತಲೆಕೆಳಗಾಗಿ ಹಿಡಿದು, ವಾದ್ಯದ ಕುತ್ತಿಗೆ ಒಳಹೊಗುವ ಗುರುತಿನವರೆಗೆ ಔಷಧದ ಪಿಚಕಾರಿಯಿಂದ ನೀರು ತುಂಬಿದರೆ ಎಷ್ಟು ಮಿಲಿಲೀಟರ್ ಹಿಡಿಯಿತೆಂಬುದು ಪಿಚಕಾರಿಯ ಗೆರೆಗಳಲ್ಲಿಯೇ ಕಾಣುತ್ತದೆ. ಎರಡು ಮೌತ್‌ಪೀಸುಗಳನ್ನು ಹೀಗೆ ಅಳೆದು, ಅನಂತರ ಎರಡನ್ನೂ ಊದಿ ಹೋಲಿಸಿ ನೋಡಬಹುದು.