ಹಿತ್ತಲಿನ ಹಳೆಯ ಕಾರು

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮನೆಯ ಹಿಂದೆಯೇ ಬೆಳೆದ ಗಿಡದ ಗುಣ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಈ ಮಾತು ಹಿತ್ತಲಿನಲ್ಲಿ ನಿಂತ ಹಳೆಯ ವಾಹನಕ್ಕೂ ಅನ್ವಯಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅನಂತಪುರ ಜಿಲ್ಲೆಯ ರಾಯದುರ್ಗದ ಕಡೆಗಾಗಲಿ, 2022ರವರೆಗೆ ಅದೇ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದ ಕಡೆಗಾಗಲಿ ಹೋಗಿ ನೋಡಿರಿ. ಶೇಂಗಾ ಹೊಟ್ಟಿನ ಪಕ್ಕದಲ್ಲೋ, ಹುಣಸೆ ಮರದ ಕೆಳಗೋ ಒಂದು ಅಂಬಾಸಿಡರ್, ಒಂದು ಪದ್ಮಿನಿ, ಒಂದು ಜಾವಾ ಮೋಟಾರ್ ಸೈಕಲ್ ನಿಂತಿರುತ್ತದೆ. ಕೋಳಿಗೆ ಅದು ಗೂಡು, ಮಕ್ಕಳಿಗೆ ಆಟಿಕೆ, ಗುಜರಿಯವರಿಗೆ ಕಬ್ಬಿಣ. ಅದನ್ನು ನಮ್ಮ ಕೈಯಿಂದಲೇ ಮತ್ತೆ ನಡೆಸಬಹುದು ಎಂದು ಯೋಚಿಸುವವರು ಕಡಿಮೆ.

ವಿಂಟೇಜ್ ಕಾರು ಎಂದ ಕೂಡಲೇ ಅದು ಅರಮನೆಯವರ, ಆಗರ್ಭ ಶ್ರೀಮಂತರ ಹವ್ಯಾಸವೆಂದು ಜನ ತಿಳಿಯುತ್ತಾರೆ. ಹಾಗೆ ತಿಳಿಯಲು ಕಾರಣಗಳಿಲ್ಲದೆ ಇಲ್ಲ. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್‌ವರೆಗೆ ಪ್ರತಿವರ್ಷ ನಡೆಯುವ ಓಟದಲ್ಲಿ 1905ಕ್ಕೆ ಮುಂಚೆ ತಯಾರಾದ ಕಾರುಗಳಿಗೆ ಮಾತ್ರ ಪ್ರವೇಶ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಲ್ಲಿ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿದರು. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹಾಲಯವಿದೆ. ಪ್ರವಾಸಕ್ಕೆ ಹೋದಾಗ ನೋಡಿದವರು ನಮ್ಮ ಶಾಲೆಯಲ್ಲೂ ಇದ್ದಾರೆ. ಇವೆಲ್ಲ ನೋಡಿ ಸಂತೋಷಪಡತಕ್ಕವು. ಆದರೆ ಗಾಜಿನಾಚೆ ನಿಂತು ನೋಡುವ ಸಂತೋಷ ಬೇರೆ, ಕೈಗೆ ಗ್ರೀಸು ಹತ್ತಿಸಿಕೊಂಡು ಪಡೆಯುವ ಸಂತೋಷ ಬೇರೆ. ನಾವು ಹೇಳಹೊರಟಿರುವುದು ಎರಡನೆಯದರ ಬಗ್ಗೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ಇದನ್ನು ಬರೆಯುತ್ತಿರುವ ನಾವು ಅಕ್ಕ ತಮ್ಮಂದಿರು; ಒಬ್ಬರು ಹತ್ತನೆಯ ತರಗತಿ, ಇನ್ನೊಬ್ಬರು ಎಂಟನೆಯ ತರಗತಿ. ರಾಯದುರ್ಗಕ್ಕೆ ಸಮೀಪದ ಹಳ್ಳಿ ನಮ್ಮದು. ನಮ್ಮ ಅಜ್ಜ 1974ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್-2 ಕಾರು, ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಹಿತ್ತಲಿನಲ್ಲಿ ನಿಂತಿತ್ತು. ಮಳೆ ಕೈಕೊಟ್ಟ ವರ್ಷ ಗುಜರಿಯವರು ಬಂದು, ತೂಕದ ಲೆಕ್ಕದಲ್ಲಿ 25,000 ರೂಪಾಯಿ ಕೊಡುವುದಾಗಿ ಹೇಳಿದರು. ಅಪ್ಪ ಒಪ್ಪಿದ್ದರು. ಅಜ್ಜಿ ಮಾತ್ರ, "ನಿನ್ನ ಹಡಿಯಾಕ ಬಳ್ಳಾರಿ ಆಸ್ಪತ್ರಿಗೆ ನಾನು ಹೋಗಿದ್ದು ಇದರಾಗೇ ನೋಡಪ್ಪ" ಎಂದಷ್ಟೇ ಹೇಳಿ ಒಳಗೆ ಹೋದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮ ಕಡೆ ತಿರುಗಿ, "ಒಂದು ವರ್ಷ ಬಿಡ್ತೀನಿ. ಅಷ್ಟರೊಳಗ ಅದು ಉಸಿರಾಡಿದ್ರ ಇರಲಿ, ಇಲ್ಲಾಂದ್ರ ಗುಜರಿಗೆ" ಎಂದರು.

ಊರಿನ ಗ್ಯಾರೇಜಿನಲ್ಲಿ ನಲವತ್ತು ವರ್ಷ ದುಡಿದು ಈಗ ಮನೆಯಲ್ಲಿರುವ ಮೆಕ್ಯಾನಿಕ್ ತಾತನ ಬಳಿ ಹೋದೆವು. ತಾತನಿಗೆ ಕಣ್ಣು ಮಂಜು; ಕೈಗೆ ಮಾತ್ರ ಎಲ್ಲವೂ ನೆನಪಿದೆ. ಭಾನುವಾರಗಳಂದು ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ನಾವು ಮಾಡುತ್ತಿದ್ದೆವು.

ಅವರ ಮೊದಲ ಪಾಠ, ನಿಂತ ಕಾರನ್ನು ಅವಸರದಿಂದ ಸ್ಟಾರ್ಟ್ ಮಾಡಬಾರದು ಎಂಬುದು. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಸಿಲಿಂಡರಿನೊಳಗೆ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು. ಬಲವಂತ ಮಾಡಿದರೆ ಮುರಿಯುತ್ತದೆ. ಆದುದರಿಂದ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು, ವಾರಗಟ್ಟಲೆ ಕಾದೆವು. ಮುಂದಿನಿಂದ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದರೆ ಮೂರು ಭಾನುವಾರ ಅದು ಅಲ್ಲಾಡಲಿಲ್ಲ. ನಾಲ್ಕನೆಯ ಭಾನುವಾರ ಒಂದು ಅಂಗುಲ ತಿರುಗಿತು. ಅಂದು ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯಾಯಿತು ಎಂದರೆ ನೀವು ನಗಬಾರದು.

ಎರಡನೆಯ ಪಾಠ, ಬಿಚ್ಚಿದ ಪ್ರತಿಯೊಂದು ನಟ್ಟು ಬೋಲ್ಟನ್ನೂ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಬೇಕು. ಮೂರನೆಯದು, ಜಾಕಿಯೊಂದನ್ನೇ ನಂಬಿ ಎಂದಿಗೂ ಕಾರಿನ ಕೆಳಗೆ ತೂರಬಾರದು. ದಪ್ಪ ಮರದ ದಿಮ್ಮಿಗಳನ್ನು ಕೊಟ್ಟಿರಬೇಕು. ನಾಲ್ಕನೆಯದು, ಹಳೆಯ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಾಯಿಂದ ಊದದೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಬೇಕು.

ಅಂಬಾಸಿಡರ್ ತಯಾರಿಕೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲೇ ನಿಂತಿದೆ. ಆದರೂ ಬಿಡಿಭಾಗಗಳು ಸಿಗುತ್ತವೆ. ಸೋದರಮಾವ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಬ್ರೇಕಿನ ರಬ್ಬರುಗಳನ್ನು ತಂದರು. ಸೀಟಿಗೆ ಜೀನ್ಸ್ ಬಟ್ಟೆ ಹೊಲಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ರಾಯದುರ್ಗ ಜೀನ್ಸ್ ಹೊಲಿಯುವ ಊರಲ್ಲವೆ? ತಾತ ಒಪ್ಪಲಿಲ್ಲ. "ಮೊದಲು ಹೆಂಗಿತ್ತೋ ಹಂಗೇ ಇರಬೇಕು, ಇಲ್ಲಾಂದ್ರ ಅದು ನಿಮ್ಮಜ್ಜನ ಕಾರಲ್ಲ" ಎಂದರು. ಜೀನ್ಸ್ ಹೊಲಿಯುವ ದರ್ಜಿಯೊಬ್ಬರು ತಮ್ಮ ದಪ್ಪ ಸೂಜಿಯ ಮಿಷನ್ನಿನಲ್ಲಿ ರೆಕ್ಸಿನ್ನನ್ನೇ ಹೊಲಿದುಕೊಟ್ಟರು.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ನಮಗೆ ಅಜ್ಜನ ಒಂದು ನೋಟುಪುಸ್ತಕ ಸಿಕ್ಕಿತು. ಯಾವ ದಿನ ಯಾರನ್ನು ಎಲ್ಲಿಗೆ ಕರೆದೊಯ್ದರು, ಯಾವಾಗ ಎಂಜಿನ್ ಆಯಿಲ್ ಬದಲಿಸಿದರು, ಪಾಯಿಂಟ್ ಹೇಗೆ ಉಜ್ಜಿದರು, ಎಲ್ಲವೂ ಕನ್ನಡದಲ್ಲಿ. ಒಂದು ಪುಟದಲ್ಲಿ ೧-೩-೪-೨ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಇಲಿ ಕಡಿದ ಪ್ಲಗ್ ವೈರುಗಳನ್ನು ಹೊಸದಾಗಿ ಹಾಕುವಾಗ ತಾತ ಕಣ್ಣುಮುಚ್ಚಿ ಹೇಳಿದ್ದೂ ಅದೇ ಕ್ರಮ: ಮೊದಲು ಒಂದು, ಆಮೇಲೆ ಮೂರು, ನಾಲ್ಕು, ಕೊನೆಗೆ ಎರಡು. ಸಿಲಿಂಡರುಗಳಲ್ಲಿ ಕಿಡಿ ಹತ್ತುವ ಸರದಿ ಅದು. ರಜೆಗೆ ಬಂದಿದ್ದ ನಮ್ಮ ಚಿಕ್ಕಪ್ಪನ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರು, ಜಾಣರು. ಆದರೆ ತಮ್ಮ ಅಜ್ಜನ ಅಕ್ಷರವನ್ನೂ ಅಂಕಿಯನ್ನೂ ಓದಲಾರದೆ ನಮ್ಮಿಂದ ಓದಿಸಿಕೊಂಡರು. ಗಡಿಯಲ್ಲಿ ಕನ್ನಡ ಓದಿ ಏನು ಪ್ರಯೋಜನ ಎಂದು ಕೇಳುವವರಿಗೆ ಆ ದಿನದವರೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹನ್ನೊಂದನೆಯ ತಿಂಗಳಲ್ಲಿ ಎಂಜಿನ್ ಹತ್ತಿಕೊಂಡಿತು. ನೀಲಿ ಹೊಗೆ ಹಿತ್ತಲು ತುಂಬಿತು. ನಾಲ್ಕೇ ನಿಮಿಷದಲ್ಲಿ ಪೆಟ್ರೋಲ್ ವಾಸನೆ ಬಂದದ್ದರಿಂದ ತಾತ ಕೂಡಲೇ ನಿಲ್ಲಿಸಲು ಹೇಳಿದರು. ನೋಡಿದರೆ ಹಳೆಯ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತಿರುತ್ತದೆ. ಅದು ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಆದುದರಿಂದ ಹಳೆಯ ವಾಹನವಿರುವವರು ಪೈಪುಗಳನ್ನು ಹೊಸ ಬಗೆಯವಕ್ಕೆ ಬದಲಿಸಬೇಕು, ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ನಿಲ್ಲಿಸಬಾರದು.

ಈಗ ಆಕ್ಷೇಪಣೆಗಳಿಗೆ ಬರೋಣ. ಹಳೆಯ ಕಾರು ಹೊಗೆ ಉಗುಳುತ್ತದೆ ಎನ್ನುತ್ತಾರೆ, ನಿಜ. ಹೊಸ ಕಾರಿನಲ್ಲಿರುವ ಹೊಗೆ ಶುದ್ಧಿ ಮಾಡುವ ಸಾಧನ ಇದರಲ್ಲಿಲ್ಲ. ಆದ್ದರಿಂದಲೇ ಇದನ್ನು ದಿನನಿತ್ಯ ಓಡಿಸಿರೆಂದು ನಾವು ಹೇಳುವುದಿಲ್ಲ. ಕಾನೂನೂ ಹಾಗೆಯೇ ಹೇಳುತ್ತದೆ. 2021ರ ಕೇಂದ್ರ ನಿಯಮಗಳ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಎರಡು ಮತ್ತು ನಾಲ್ಕು ಚಕ್ರದ ಸ್ವಂತ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳಿಗೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ ಕೊಡುತ್ತಾರೆ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದವಕ್ಕೆ ಮಾತ್ರ ರಸ್ತೆಗೆ ತರಬೇಕು.

ದುಡ್ಡು ಹಾಳು ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ನಾವು ಹಗುರವಾಗಿ ಉತ್ತರಿಸಲಾರೆವು. ಇದುವರೆಗೆ ನಮ್ಮ ಮನೆಯವರು ಖರ್ಚು ಮಾಡಿರುವುದು 38,000 ರೂಪಾಯಿ. ವಿಂಟೇಜ್ ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹತ್ತು ವರ್ಷಗಳ ಬಳಿಕ ಮರುನೋಂದಣಿಗೆ 5,000. ನಮ್ಮಲ್ಲಿ ಹಿರಿಯಳು ಈ ವರ್ಷ ಪಾಲಿಸೆಟ್ ಪರೀಕ್ಷೆ ಬರೆದು ಪಾಲಿಟೆಕ್ನಿಕ್ ಸೇರಬೇಕೆಂದಿದ್ದಾಳೆ. ಕಾರಿನ ಶುಲ್ಕವೋ, ಓದಿನ ಖರ್ಚೋ ಎಂದಾಗ ಅಪ್ಪ ಓದಿಗೇ ಎಂದರು, ಅದೇ ಸರಿ. ಕಾರು ಇನ್ನೂ ರಸ್ತೆ ಕಂಡಿಲ್ಲ, ಹಿತ್ತಲಿನಲ್ಲೇ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಆದರೆ ಗುಜರಿಗೆ ಹೋಗಲಿಲ್ಲ. ಲಕ್ಷಾಧೀಶರ ರೋಲ್ಸ್ ರಾಯ್ಸ್‌ಗೂ ರೈತನ ಮನೆಯ ಅಂಬಾಸಿಡರಿಗೂ ಒಂದೇ ಶುಲ್ಕವಿರುವುದು ನ್ಯಾಯವೇ ಎಂದು ಹಿರಿಯರು ಯೋಚಿಸಬೇಕು.

ಕಾರಿಲ್ಲದವರು ಬೇಸರಿಸಬೇಕಾಗಿಲ್ಲ. ಮಡಕಶಿರಾದ ನಮ್ಮ ಸೋದರಮಾವನ ಬಳಿ ಇರುವುದು ಯೆಜ್ಡಿ ಮೋಟಾರ್ ಸೈಕಲ್. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಇಂಥವನ್ನು ತಯಾರಿಸಿತು. ಒಂದೇ ಲಿವರಿನಲ್ಲಿ ಕಿಕ್ಕೂ ಗೇರೂ ಇರುವುದು ಅದರ ವಿಶೇಷ. ಅದರ ಎಂಜಿನ್ನನ್ನು ಇಬ್ಬರು ಎತ್ತಿ ಚಾಪೆಯ ಮೇಲೆ ಇಡಬಹುದು. ಕಲಿಯುವವರಿಗೆ ಅದೇ ಒಳ್ಳೆಯ ಆರಂಭ.

ಹೆಣ್ಣುಮಗಳಿಗೆ ಪಾನಾ, ಗ್ರೀಸು ಯಾಕೆ ಎಂದು ಊರಿನ ಕೆಲವರು ನಕ್ಕದ್ದುಂಟು. ನಮ್ಮ ಕಾರಿನ ಇಡೀ ವೈರಿಂಗ್ ಮಾಡಿದವಳು ಅವಳೇ. ಮಡಕಶಿರಾದ ನೆರೆಯ ಪೆನುಕೊಂಡದಲ್ಲಿ 2019ರಿಂದ ಕಿಯಾ ಕಾರ್ಖಾನೆ ನಡೆಯುತ್ತಿದೆ. ವರ್ಷಕ್ಕೆ ಲಕ್ಷಗಟ್ಟಲೆ ಹೊಸ ಕಾರುಗಳು ಅಲ್ಲಿಂದ ಹೊರಡುತ್ತವೆ. ಹೊಸ ಕಾರಿನ ಒಳಗುಟ್ಟನ್ನು ಕಂಪ್ಯೂಟರ್ ಬಚ್ಚಿಟ್ಟುಕೊಂಡಿರುತ್ತದೆ. ಹಳೆಯ ಕಾರು ಹಾಗಲ್ಲ. ಬಾನೆಟ್ ಎತ್ತಿದರೆ ಗಾಳಿ ಎಲ್ಲಿಂದ ಬರುತ್ತದೆ, ಕಿಡಿ ಎಲ್ಲಿ ಹುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ಎರಡು ಸಲ ಓದಿಯೂ ತಿಳಿಯದ ಪ್ರೇರಣಾ ಸುರುಳಿ, ನಮಗೆ ಇಗ್ನಿಷನ್ ಕಾಯಿಲಿನಿಂದ ಒಂದು ಶಾಕ್ ಹೊಡೆದಾಗ ಚೆನ್ನಾಗಿ ತಿಳಿಯಿತು!

ಆದುದರಿಂದ ಹಿರಿಯರಲ್ಲಿ ನಮ್ಮ ಬಿನ್ನಹ ಇಷ್ಟೆ. ಹಿತ್ತಲಿನ ವಾಹನವನ್ನು ತೂಕಕ್ಕೆ ಹಾಕುವ ಮುನ್ನ ಮಕ್ಕಳಿಗೆ ಒಂದು ವರ್ಷದ ಗಡುವು ಕೊಡಿರಿ. ಆರ್.ಸಿ. ಕಾಗದವನ್ನು ಜೋಪಾನವಾಗಿಡಿರಿ, ತೀರಿಕೊಂಡವರ ಹೆಸರಿನಲ್ಲಿದ್ದರೆ ಬದಲಾಯಿಸಿಕೊಳ್ಳಿರಿ. ಶಾಲೆಯವರು ತಿಂಗಳಿಗೊಂದು ಶನಿವಾರ ನಿವೃತ್ತ ಮೆಕ್ಯಾನಿಕ್ಕೊಬ್ಬರನ್ನು ಕರೆಸಿ ಒಂದು ಹಳೆಯ ಎಂಜಿನ್ನನ್ನು ನಮ್ಮ ಮುಂದೆ ಬಿಚ್ಚಿಸಲಿ. ಸಹಪಾಠಿಗಳೇ, ಕಾರು ಹಳೆಯದಾದರೆ ಬಿಡಿಭಾಗ ಹುಡುಕಬಹುದು. ಅದನ್ನು ಬಲ್ಲ ಕೈಗಳು ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮ ತಾತನಿಗೆ ಈ ವರ್ಷ ಕಣ್ಣು ಇನ್ನಷ್ಟು ಮಂಜಾಗಿದೆ. ಅಜ್ಜನ ನೋಟುಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ಅವರು ಹೇಳುವುದನ್ನು ನಾವೀಗ ಬರೆದುಕೊಳ್ಳುತ್ತಿದ್ದೇವೆ, ಕನ್ನಡದಲ್ಲಿಯೇ.